ಹನ್ನೊಂದು ಪ್ರಶ್ನೆ, ಒಂದು ಸೀಲು

ಮುಸಫ್ಫಾ, ಅಬುಧಾಬಿ
ಶುಕ್ರವಾರ, 15 ಜನವರಿ 1999

ಪ್ರೀತಿಯ ಅಡಿವೆಪ್ಪ ಕಾಕಾ,

‘ತೀರ್ಥರೂಪ’ ಎಂದು ಶುರು ಮಾಡಿದರೆ ನೀವು ತೀರ್ಥವನ್ನೂ ರೂಪವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಮಾಸ್ತರರು. ಹಾಗಾಗಿ ಬರೀ ಪ್ರೀತಿ. ಮೊದಲು ತಪ್ಪೊಪ್ಪಿಗೆ: ನಿಮ್ಮ ಅಣ್ಣನ ಮಗ ಸಿದ್ದೇಶನೆಂಬ ನಾನು, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ರಂಜಾನಿನ ಹಗಲು ಹನ್ನೊಂದು ಗಂಟೆಗೆ ಪೈಪುಗಳ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಲೋಟ ನೀರು ಕುಡಿದೆ. ಇಲ್ಲಿ ಉಪವಾಸದ ಹೊತ್ತಿನಲ್ಲಿ ಬಯಲಲ್ಲಿ ನೀರು ಕುಡಿದರೂ ಕೇಸು. ಫೋರ್‌ಮನ್ ಯಾಹ್ಯಾ ನೋಡಿಬಿಟ್ಟರು. ಸುಡಾನಿನವರು, ಐದು ಹೊತ್ತಿನ ನಮಾಜು ತಪ್ಪಿಸದವರು. ‘ಒಳಗೆ ಹೋಗಿ ಕುಡಿ ಬಾಬಾ, ಬಿಸಿಲಿದೆ’ ಎಂದು ಮುಖ ತಿರುಗಿಸಿ ಹೋದರು. ಹೀಗೆ ದೇವರನ್ನು ನಂಬದವನಿಗೆ ದೇವರನ್ನು ನಂಬಿದವರಿಂದ ಮಾಫಿ ಸಿಕ್ಕಿತು.

ನಿಮ್ಮ ಮೊಣಕಾಲು ಹೇಗಿದೆ? ಕಾಕು ಕಾಸಿಕೊಟ್ಟ ಎಣ್ಣೆ ಹಚ್ಚುತ್ತಿದ್ದೀರೋ, ಅದಕ್ಕೂ ಪುರಾವೆ ಕೇಳುತ್ತ ಕೂತಿದ್ದೀರೋ? ಹೋದ ಪತ್ರದಲ್ಲಿ ನಾನು, ‘ದೇವರಿಲ್ಲವೆಂದು ಗದಗಿನಲ್ಲಿ ಹೇಳಿದಷ್ಟೇ ಸಲೀಸಾಗಿ ಗಲ್ಫಿನಲ್ಲೂ ಹೇಳುತ್ತೇನೆ, ಎದುರಿಗೆ ಯಾರೇ ಇರಲಿ’ ಎಂದು ಕೊಚ್ಚಿಕೊಂಡಿದ್ದೆ. ಅದನ್ನು ನೀವು ವಿಚಾರವಾದಿ ಸಂಘದಲ್ಲಿ ಓದಿದಿರಂತೆ, ಚಪ್ಪಾಳೆ ಬಿತ್ತಂತೆ. ಈಗ ನೆನೆದರೆ ಆ ಚಪ್ಪಾಳೆ ನನ್ನ ಕಪಾಳಕ್ಕೆ ಬಿದ್ದ ಹಾಗಿದೆ.

ನಮ್ಮ ಸ್ಟೋರ್‌ಕೀಪರ್ ಇದಿನಬ್ಬನ ವಿಷಯ ಬರೆದಿದ್ದೆನಲ್ಲ, ಉಪ್ಪಿನಂಗಡಿಯವನು. ಇಡೀ ವರ್ಕ್‌ಶಾಪಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮುಸ್ಲಿಮರ ಮನೆಯವನಾದರೂ ಒಳಗೊಳಗೇ ಅವನೂ ದೇವರನ್ನು ನಂಬದ ನಮ್ಮ ಪಂಗಡವೆಂದು ನನಗೊಬ್ಬನಿಗೆ ಹೇಳಿದ್ದ. ಬಾಯಿಬಿಟ್ಟು ಹೇಳಬಾರದೇಕೆ ಎಂದು ನಾನು ಕೆಣಕುತ್ತಿದ್ದೆ. ‘ನೀವು ದೇವರಿಲ್ಲ ಅಂದ್ರೆ ಜನ ನಗ್ತಾರೆ ಮಾರಾಯ್ರೆ. ನಾನು ಅಂದ್ರೆ ಇಲ್ಲಿ ಪೊಲೀಸ್ ಬರ್ತದೆ. ಊರಲ್ಲಾದ್ರೆ ಪೊಲೀಸಿಗಿಂತ ಮೊದ್ಲು ನನ್ನ ಮಾವ ಬರ್ತಾರೆ’ ಎಂದು ನಗುತ್ತಿದ್ದ. ನಾನೂ ನಕ್ಕೆ. ಒಂದೇ ಮಾತಿಗೆ ನನಗೊಂದು ದರ, ಅವನಿಗೊಂದು ದರ ಎಂಬುದು ನನ್ನ ತಲೆಗೆ ಹೊಕ್ಕಿರಲಿಲ್ಲ.

ನಿಮ್ಮ ಸಂಘದ ಕೈಬರಹದ ಪತ್ರಿಕೆಗೆಂದು ‘ದೇವರಿಗೆ ಹನ್ನೊಂದು ಪ್ರಶ್ನೆಗಳು’ ಬರೆಯಲು ಹೇಳಿದ್ದಿರಿ. ಬರೆದೆ. ಏಳನೆಯದು ಉಪವಾಸದ್ದು: ‘ಬಾಯಾರಿಕೆಯನ್ನೂ ನೀನೇ ಮಾಡಿದ ಮೇಲೆ ನೀರು ಕುಡಿದವನ ಮೇಲೆ ಸಿಟ್ಟೇಕೆ?’ ಇದಿನಬ್ಬನಿಗೆ ಓದಲು ಕೊಟ್ಟೆ. ಓದಿದ್ದಕ್ಕೆ ಗುರುತು ಬೇಕೆಂದು ಹಟ ಹಿಡಿದವನೂ ನಾನೇ. ಸ್ಟೋರಿಗೆ ಒಂದು ಮೊಳೆ ಬಂದರೂ ಸೀಲು ಒತ್ತುವ ಕೈ ಅವನದು. ನನ್ನ ಹಾಳೆಗೂ ‘ಸರಕು ಬಂದಿದೆ’ ಎಂಬ ಸೀಲು ಒತ್ತಿ, ತಾರೀಖು ಹಾಕಿ, ಸಹಿ ಮಾಡಿ, ಕೆಳಗೆ ‘ಹನ್ನೊಂದು ನಗ, ಡ್ಯಾಮೇಜ್ ಇಲ್ಲ’ ಎಂದು ಬರೆದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಷ್ಟರಲ್ಲಿ ಲಾರಿ ಬಂತು, ಇಬ್ಬರೂ ಎದ್ದು ಓಡಿದೆವು. ಸಂಜೆ ಸೀಲು ಬಿದ್ದ ಕಾಗದಗಳೆಲ್ಲ ಕಟ್ಟಾಗಿ ಹೆಡ್ ಆಫೀಸಿಗೆ ಹೋದವು. ಅದೂ ಹೋಯಿತು.

ಅಲ್ಲಿ ಕನ್ನಡ ಬಲ್ಲ ಗುಮಾಸ್ತನೊಬ್ಬ ಓದಿ ಮೇಲಿನವರಿಗೆ ಅರ್ಥ ಹೇಳಿದ. ಮರುದಿನ ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ನನ್ನನ್ನು ಕೇಳಿದ್ದಕ್ಕೆ ನೆಟ್ಟಗೆ ನಿಂತೇ ಉತ್ತರ ಕೊಟ್ಟೆ. ಪೊಲೀಸಿಗೆ ಒಪ್ಪಿಸಿದರೆ ಧರ್ಮನಿಂದೆಯ ಕೇಸು, ಜೈಲು. ಹಾಗೆ ಮಾಡದೆ ಮೂರು ದಿನದಲ್ಲಿ ಇದಿನಬ್ಬನ ವೀಸಾ ಕ್ಯಾನ್ಸಲ್ ಮಾಡಿ ವಿಮಾನ ಹತ್ತಿಸಿದರು. ಅದನ್ನೇ ದಯೆ ಎಂದರು. ದಯೆಯೇ ಇರಬೇಕು. ಕಂಪನಿಯ ವ್ಯಾನು ಹೊರಟಾಗ ಬಾಗಿಲಿಗೆ ಬಂದು ಅವನ ಕೈ ಹಿಡಿದವರು ಯಾಹ್ಯಾ ಒಬ್ಬರೇ. ನಾನು ಪೈಪಿನ ದಪ್ಪ ಅಳೆಯುತ್ತಿದ್ದೆ, ಅಳೆದ ಪೈಪನ್ನೇ ಮತ್ತೆ.

ಅವನಿಗಿಂತ ಮೊದಲು ಫೋನು ಊರು ಮುಟ್ಟಿತ್ತು. ದೀನು-ಧರ್ಮ ಬಿಟ್ಟವನ ಜೊತೆ ನಿಕಾಹ್ ನಿಲ್ಲುವುದಿಲ್ಲವೆಂದು ಅವನ ಮಾವ ಮಗಳು ಖೈರುನ್ನಿಸಳನ್ನೂ ಮಕ್ಕಳಿಬ್ಬರನ್ನೂ ಕರೆದೊಯ್ದಿದ್ದಾರಂತೆ. ಮೊನ್ನೆ ಇದಿನಬ್ಬ ಫೋನು ಮಾಡಿದ್ದ. ಬೈದಿದ್ದರೆ ಹಗುರಾಗುತ್ತಿತ್ತು. ‘ನೀರು ಒಳಗೇ ಕುಡಿಯಿರಿ ಇಂಜಿನಿಯರೇ’ ಎಂದ.

ಕಾಕುಗೆ ನಮಸ್ಕಾರ. ದೇವರ ಮುಂದೆ ನನ್ನ ಹೆಸರಿನಲ್ಲಿ ದೀಪ ಹಚ್ಚಿದರೆ ಈ ತಿಂಗಳು ತಡೆಯಬೇಡಿ. ನಿಮ್ಮ ಆಶೀರ್ವಾದ ಕೇಳುವ ಮುಖವಿಲ್ಲ, ಕೋಪವಾದರೂ ಇರಲಿ.

ನಿಮ್ಮ
ಸಿದ್ದ

ತಾ.ಕ.: ಪೋಸ್ಟಿಗೆ ಕೊಂಡೊಯ್ಯುವವನು ಬಾಗಿಲಲ್ಲಿ ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದಾನೆ. ಕಾಕಾ, ಮೊಣಕಾಲು ತಾಳಿದರೆ ಉಪ್ಪಿನಂಗಡಿಗೆ ಹೋಗಿ ಬನ್ನಿ. ಖೈರುನ್ನಿಸಳ ತಂದೆಗೆ ನನ್ನ ಅಕ್ಷರ ತೋರಿಸಿ, ಆ ಪ್ರಶ್ನೆಗಳು ನನ್ನವು, ಸೀಲು ತಮಾಷೆಯದು ಎನ್ನಿ. ಇದಿನಬ್ಬ ನನಗೊಬ್ಬನಿಗೆ ಹೇಳಿದ್ದನ್ನು ಮಾತ್ರ ಅಲ್ಲಿ ಆಡಬೇಡಿ. ಅದನ್ನು ಹೇಳುವುದು, ಬಿಡುವುದು ಅವನಿಗೆ ಸೇರಿದ್ದು. ಇನ್ನೊಂದು. ನೆಟ್ಟಗೆ ನಿಂತು ಉತ್ತರ ಕೊಟ್ಟೆ ಎಂದು ಮೇಲೆ ಬರೆದೆನಲ್ಲ, ಆ ಉತ್ತರ ಇದು: ಯಾರ ಬರಹ ಎಂದು ಮ್ಯಾನೇಜರು ಕೇಳಿದಾಗ ಇದಿನಬ್ಬ ನನ್ನತ್ತ ನೋಡದೆಯೇ ‘ನನ್ನದು’ ಎಂದುಬಿಟ್ಟ. ‘ಹೌದಾ?’ ಎಂದು ಅವರು ನನ್ನ ಕಡೆ ತಿರುಗಿದರು. ನನಗೇನೂ ಗೊತ್ತಿಲ್ಲ, ವಲ್ಲಾಹಿ, ಎಂದೆ. ಹೌದು ಕಾಕಾ, ದೇವರಾಣೆ ಮಾಡಿದೆ, ಅದೂ ಅರಬ್ಬಿಯಲ್ಲಿ. ಅವರು ಒಂದೇ ಸಲಕ್ಕೆ ನಂಬಿದ್ದರು. ನಾನೇ ಮೂರು ಸಲ ಹೇಳಿದೆ.