ಕುರಿಹಟ್ಟಿಯ ವಿಮಾನ

ಮಣ್ಣೂರ,
ಸೀಗೆ ಹುಣ್ಣಿಮೆಯ ಮರುದಿನ, 1948

ನನ್ನ ಹಡೆದವ್ವ ಬಾಳಮ್ಮನಿಗೆ,

ನಿನ್ನ ಮಗಳು ತುಳಜಾ ದೂರದಿಂದಲೇ ಪಾದ ಮುಟ್ಟಿ ಬರೆಯುತ್ತಿದ್ದೇನೆ. ನಾನೂ ನಿನ್ನ ಅಳಿಯನೂ ಕ್ಷೇಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನಡುವಿನದೆಲ್ಲ ಬಿಟ್ಟು ಕೊನೆಯ ಸಾಲು ಹುಡುಕುತ್ತೀ. ಅಪ್ಪ ನಿನ್ನನ್ನೂ ನನ್ನನ್ನೂ ಒಂದೇ ಹಲಗೆಯ ಮುಂದೆ ಕೂರಿಸಿ ಅಕ್ಷರ ಕಲಿಸುವಾಗಲೂ ನಿನ್ನದು ಅದೇ ಅವಸರ.

ಕಂಬಳಿ ಮಾರುವ ಮಾಳಿಂಗಪ್ಪ ಕಾಕಾ ಆಳಂದದಿಂದ ಬಂದವನು ನೀನು ಕೇಳಿ ಕಳಿಸಿದ ಮಾತು ಮುಟ್ಟಿಸಿದ. "ನನ್ನ ಮಗಳು ಹೊಳಿ ಮ್ಯಾಲೆ ಹಾರಿ ಹೋದ್ಲು ಅಂತ ಮಂದಿ ಆಡ್ಕೋತಾರ, ಖರೇನೋ ಸುಳ್ಳೋ ಕೇಳ್ಕೊಂಡು ಬಾರೋ" ಅಂದೆಯಂತೆ. ಹೋದ ದೀಪಾವಳಿಗೆ ನೀನು ನನ್ನನ್ನು ತವರಿಗೆ ಕರೆಯಲು ಬಂದಿದ್ದೆ. ಅಂಟು ಮೆತ್ತಿದ ನನ್ನ ಕೈ ನೋಡಿ, ನಾನು ಬರುವುದಿಲ್ಲ ಅಂದದ್ದಕ್ಕೆ ಸಿಟ್ಟಾಗಿ, ನೀನು ನೀರೂ ಕುಡಿಯದೆ ತಿರುಗಿ ಹೋದೆ. ಅದಾದ ಮೇಲೆ ನೀನು ನನ್ನ ಬಗ್ಗೆ ಕೇಳಿದ್ದು ಇದೇ ಮೊದಲು. ಅದಕ್ಕೇ ಎಲ್ಲ ಬರೆಯುತ್ತೇನೆ. ಮಂದಿ ಆಡಿದ್ದು ಖರೆ.

ನಿನ್ನ ಅಳಿಯ ಅಮೋಘಸಿದ್ದ ವಾಡಿಯ ರೈಲ್ವೆಯಲ್ಲಿ ಮಿಸ್ತ್ರಿಯಾಗಿದ್ದರಲ್ಲ, ಅಲ್ಲಿ ಅವರ ಮೇಲೊಬ್ಬ ಇಂಗ್ಲಿಷ್ ಸಾಹೇಬನಿದ್ದ. ಹೋದ ವರ್ಷ ಬಿಳಿಯರೆಲ್ಲ ಹೊರಟಾಗ ಆತನೂ ತನ್ನ ದೇಶಕ್ಕೆ ಹೊರಟ. ಹೋಗುವಾಗ ತಾನು ಎಂದೋ ಹಡಗಿನಲ್ಲಿ ತರಿಸಿ ಒಮ್ಮೆಯೂ ಬಿಚ್ಚದ ಉದ್ದನೆಯ ಪೆಟ್ಟಿಗೆಗಳನ್ನು ಇವರಿಗೆ ಕೊಟ್ಟ. ಇವರು ನೌಕರಿ ಬಿಟ್ಟು, ಪೆಟ್ಟಿಗೆಗಳನ್ನು ಬಂಡಿಗೆ ಹೇರಿಕೊಂಡು ಮಣ್ಣೂರಿಗೆ ಬಂದರು. ಮನೆಯ ಹಿಂದಿನ ಕುರಿಹಟ್ಟಿಯಲ್ಲಿ ಅವನ್ನು ಇಳಿಸಿ, ನನ್ನ ಕೈ ಹಿಡಿದು ಒಂದರ ಮುಚ್ಚಳದ ಮೇಲೆ ಇಟ್ಟರು. "ಇದ್ರಾಗ ವಿಮಾನ ಅದ ತುಳಜಾ. ಬಿಡಿ ಬಿಡಿ ಆಗಿ ಮಲಗ್ಯದ. ನಾವು ಎಬ್ಬಿಸಬೇಕು" ಅಂದರು.

ಅಷ್ಟು ಮೆತ್ತಗಿನ ದನಿಯಲ್ಲಿ ಅವರು ನನ್ನ ಹೆಸರನ್ನು ಅದಕ್ಕೆ ಮುಂಚೆ ಕರೆದಿರಲಿಲ್ಲ. ನಾನು ತವರಿಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಪೆಟ್ಟಿಗೆಯೊಳಗಿನ ಹಾಳೆಗಳ ಇಂಗ್ಲಿಷು ನಮಗೆ ತಿಳಿಯಲಿಲ್ಲ, ಚಿತ್ರ ನೋಡಿಕೊಂಡು ಜೋಡಿಸಿದೆವು. ಕಡ್ಡಿಗೆ ಕಡ್ಡಿ ಅಂಟಿಸಿ ರೆಕ್ಕೆಯ ಎಲುಬು ಕಟ್ಟಿ ತೊಲೆಗೆ ತೂಗುಬಿಟ್ಟಾಗ, ಸಂಜೆಯ ಬಿಸಿಲು ಅದರೊಳಗಿಂದ ಸೋಸಿ ನೆಲದ ಮೇಲೆ ನೆರಳಿನ ರೆಕ್ಕೆ ಬಿಡಿಸುತ್ತಿತ್ತು. ನಾನು ಆ ನೆರಳಿನ ಮೇಲೆ ಚಾಪೆ ಹಾಸಿ ಅಕ್ಕಿ ಆರಿಸುತ್ತಿದ್ದೆ. ಎಷ್ಟೋ ಸಲ ಮನೆಯೇ ಮೆಲ್ಲಗೆ ನೆಲ ಬಿಟ್ಟು ಹೊಳೆಯ ಕಡೆ ತೇಲಿದಂತೆ ಅನ್ನಿಸುತ್ತಿತ್ತು.

ರೆಕ್ಕೆಗೆ ಬಟ್ಟೆ ಹೊದಿಸಲು ಕರಜಗಿಯ ದರ್ಜಿ ಶರಫುದ್ದೀನ ಭಾಯಿ ಹೊಲಿಗೆ ಮಷೀನು ಹೊತ್ತು ತಂದು ನಮ್ಮಲ್ಲೇ ಉಳಿದ. "ಇಷ್ಟು ದೊಡ್ಡ ಅಂಗಿ ನಾ ಯಾರಿಗೂ ಹೊಲದಿಲ್ಲ ಬೆಹೆನ. ಇದಕ್ಕ ಗುಂಡಿ ಎಲ್ಲಿ ಇಡ್ಲಿ?" ಎಂದು ನಗಿಸುತ್ತಿದ್ದ. ಬಟ್ಟೆ ಬಿಗಿಯಾಗಲು ಬಳಿಯುವ ಔಷಧ ಡಬ್ಬಿಯಲ್ಲೇ ಒಣಗಿ ಹೋಗಿತ್ತು. ನಾನು ಸಾಬುದಾಣಿ ಗಂಜಿ ಕಾಯಿಸಿ ಬಳಿದೆ, ಮೇಲೆ ಇವರು ವಾರ್ನಿಷ್ ಹಚ್ಚಿದರು. ಬಟ್ಟೆ ಬಾರಿಸುವ ಹಲಗೆಯ ಚರ್ಮದಂತೆ ಬಿಗಿದುಕೊಂಡಿತು. ಬೆರಳಿನಿಂದ ತಟ್ಟಿದರೆ ದನಿ ಬರುತ್ತಿತ್ತು.

ಚಳಿಗಾಲವೆಲ್ಲ ಹಟ್ಟಿಯಲ್ಲೇ ನಮ್ಮ ಹಾರಾಟ. ಸರತಿಯ ಮೇಲೆ ಒಬ್ಬರು ಕೂರುವುದು, ಇನ್ನೊಬ್ಬರು ಹೊರಗೆ ನಿಂತು "ಎಡಗಡೆಯಿಂದ ಗಾಳಿ ಬಂತು", "ಮುಂದ ಗಿಡ ಅದ" ಎಂದು ಕೂಗುವುದು, ಕೂತವರು ವಿಮಾನವನ್ನು ಏರಿಸಿ ಇಳಿಸುವ ಕೋಲು ಆಡಿಸುವುದು. ಆಟವೆಂದೇ ನಾನು ಕಲಿತೆ. ಇವರು ಮಾತ್ರ ಆಟ ಅಂದುಕೊಂಡಿರಲಿಲ್ಲ.

ಬೇಸಿಗೆಗೆ ಸೀಮೆಯೆಲ್ಲ ಕೆಟ್ಟಿತು. ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರಬೇಕೋ ಬೇಡವೋ ಎಂಬ ಗದ್ದಲದಲ್ಲಿ ನೀನೂ ಎಷ್ಟು ಹೆದರಿದ್ದೀಯೋ. ಜನ ಗಂಟು ಕಟ್ಟಿಕೊಂಡು ಭೀಮೆ ದಾಟಿ ಇಂಡಿ ಊರಿನ ಕಡೆಗೆ, ಮುಂಬಯಿ ಸರಕಾರದ ಸೀಮೆಗೆ, ಹೋಗತೊಡಗಿದರು. ಪೆಟ್ರೋಲು ಬರುವುದು ನಿಂತಿತು. ನಮ್ಮಲ್ಲಿದ್ದದ್ದು ಅರ್ಧ ಡಬ್ಬಿ. ಆಗಲೇ ಒಂದು ಮಧ್ಯಾಹ್ನ ನಿಜಾಮರ ಕಡೆಯ, ಹತಾರ ಹಿಡಿದ ಮಂದಿ ಹಟ್ಟಿಗೆ ನುಗ್ಗಿದರು. ಅವರ ಮುಂದಾಳು ರೆಕ್ಕೆಯ ಮೇಲೆ ಬಂದೂಕು ಒರಗಿಸಿ, ನಾವು ಆಚೆ ದಂಡೆಗೆ ಸುದ್ದಿ ಒಯ್ಯಲು ಇದನ್ನು ಕಟ್ಟಿದ್ದೇವೆಂದು ಗದರಿದ. ಅಲ್ಲವೆಂದರೆ ಯಾರು ಕೇಳುತ್ತಾರೆ? "ನಾಳಿ ಬಂಡಿ ತರ್ತೇವಿ. ವಿಮಾನನೂ ಬೇಕು, ಮಿಸ್ತ್ರಿನೂ ಬೇಕು" ಎಂದು ಹೇಳಿ ಹೋದ.

ಅಂಥವರ ಹಿಂದೆ ಹೋದವರು ತಿರುಗಿ ಬಂದದ್ದನ್ನು ನಾವು ನೋಡಿರಲಿಲ್ಲ. ಇವರು ಒಳಗೆ ಹೋಗಿ ಕಡ್ಡಿಪೆಟ್ಟಿಗೆ ತಂದರು. ನಾನು ಕೈ ಹಿಡಿದೆ. "ಸುಡಾಕ ಕಟ್ಟಿಲ್ರಿ ನಾವು. ಹಾರಿಸಿ ಬಿಡ್ರಿ" ಅಂದೆ.

ಬೆಳಕು ಹರಿಯುವಾಗ ಮೂವರೂ ಸೇರಿ ವಿಮಾನವನ್ನು ಕುರಿ ಮೇಯುವ ಬಯಲಿಗೆ ದಬ್ಬಿಕೊಂಡು ಹೋದೆವು. ಇವರು ಕೂತರು. ಶರಫುದ್ದೀನ ಭಾಯಿ ವಿಮಾನದ ಮೂತಿಯ ಪಂಖ ತಿರುವಿದ. ವಿಮಾನ ಓಡಿತು, ಕುಪ್ಪಳಿಸಿತು, ಮತ್ತೆ ಕೂತುಬಿಟ್ಟಿತು. ಇನ್ನೊಮ್ಮೆಯೂ ಹಾಗೇ. ನಿನ್ನ ಅಳಿಯನ ಮೈಕಟ್ಟು ನಿನಗೆ ಗೊತ್ತು. ಪೆಟ್ಟಿಗೆಯಲ್ಲಿ ಬಂದ ಆ ಸಣ್ಣ ಇಂಜಿನು ಅವರನ್ನು ಹೊರಲಾರದು. ಇವರು ಇಳಿದು ನೆಲ ನೋಡುತ್ತಾ ನಿಂತರು. ನಾನು ಸೀರೆಗೆ ಕಚ್ಚೆ ಹಾಕುವುದನ್ನು ಕಂಡು, "ಬ್ಯಾಡ. ಅದನ್ನ ಇಲ್ಲೇ ಬಿಟ್ಟು ನಡಕೊಂತ ದಾಟೂಣು" ಅಂದರು. ನಾನು ಹತ್ತಿ ಕೂತೆ. ಇವರು ಬಾಗಿ ನನ್ನ ಸೊಂಟದ ಪಟ್ಟಿ ಬಿಗಿದರು. "ಆಚೆ ದಂಡಿ ಬಂದ ಕೂಡಲೇ ಇಳಿಸು. ಮತ್ತೇನೂ ಮಾಡಬ್ಯಾಡ" ಅಂದರು.

ಅವ್ವ, ನೆಲ ಬಿಟ್ಟದ್ದು ನನಗೆ ಗೊತ್ತಾಗಲೇ ಇಲ್ಲ. ಗಾಲಿಯ ಗಡಗಡ ನಿಂತಾಗ ಕೆಟ್ಟಿತು ಅಂದುಕೊಂಡೆ. ಕೆಳಗೆ ನೋಡಿದರೆ ನಮ್ಮ ಮನೆಯ ಮಾಳಿಗೆ, ಅದರ ಮೇಲೆ ಒಣಹಾಕಿದ ಮೆಣಸಿನಕಾಯಿ, ಕುಂಕುಮದ ಬೊಟ್ಟಿನಷ್ಟು. ಆಮೇಲೆ ಭೀಮೆ. ಉಸುಕಿನ ನಡುವೆ ಹಗೂರಕ್ಕೆ ಮಗ್ಗುಲಾಗಿ ಮಲಗಿದ ಹೆಂಗಸಿನಂತೆ ಇದ್ದಳು. ನನ್ನ ನೆರಳು ನೀರಿಗಿಳಿದು, ಒದ್ದೆಯಾಗದೆ ದಾಟಿತು. ನೀರು ತುಂಬುವ ಹೆಂಗಸರು ಕೊಡ ಬಿಟ್ಟು ಮುಖ ಮೇಲೆತ್ತಿದ್ದರು.

ಇಳಿಯುವಾಗ ಒಂದು ಗಾಲಿ ಮುರಿಯಿತು, ರೆಕ್ಕೆಯ ತುದಿ ಜಾಲಿಗೆ ಸಿಕ್ಕಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇವರು ಎದೆಮಟ್ಟದ ನೀರಿನಲ್ಲಿ ನಡೆದು ಬಂದು ಹೊಲದಲ್ಲಿ ನನ್ನನ್ನು ಹುಡುಕಿದರು. "ಗಾಳಿ ಎತ್ಕೊಂಡು ಹೋತೇನು ನಿನ್ನ? ಕಣ್ಣಿಗೇ ಕಾಣಲಿಲ್ಲ" ಎಂದು ನನ್ನ ತಲೆ ಸವರಿದರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನೋಡಲಾರದೆ ನಾನು ಹೂಂ ಅಂದೆ.

ಶರಫುದ್ದೀನ ಭಾಯಿ ಊರು ಬಿಡಲಿಲ್ಲ. ಬಂಡಿ ತಂದವರು ವಿಮಾನ ಎಲ್ಲಿ ಅಂದಾಗ, "ನಾ ಅಂಗಿ ಹೊಲಿಯಾವ ಸಾಬ. ಹಾಕ್ಕೊಂಡವರು ಎಲ್ಲಿ ಹೋದ್ರು ನನಗೇನು ಗೊತ್ತು" ಅಂದನಂತೆ. ಅವರು ಅವನ ಮಷೀನನ್ನು ಬಾವಿಗೆ ಎಸೆದು ಹೋದರು.

ಆಚೆ ದಂಡೆಯಲ್ಲಿ ಊರು ಬಿಟ್ಟು ಬಂದವರೆಲ್ಲ ಗಿಡದ ಕೆಳಗೆ ಇದ್ದೆವು. ಇವರು ದಿನಾ ವಿಮಾನದ ಹತ್ತಿರ ಹೋಗಿ ಜಾಲಿ ಕಡಿದು ಹೊಸ ಗಾಲಿ ಕೆತ್ತುತ್ತಿದ್ದರು. ಮಳೆ ಹಿಡಿಯಿತು. ಒಂದು ಸಂಜೆ ಮಾಣಿಕಮ್ಮ ಎಂಬ ಬಸುರಿಗೆ ಬೇನೆ ಬಂತು, ನೆತ್ತಿಯ ಮೇಲೆ ಸುರಿಯುವ ಮಳೆ. ನಾನು ಕೇಳುವ ಮೊದಲೇ ಇವರು ಎದ್ದು ಚೂರಿ ಹಿಡಿದು ಹೋಗಿ, ರೆಕ್ಕೆಯ ಬಟ್ಟೆಯನ್ನು ಹೊಲಿಗೆಯಗುಂಟ ಕೊಯ್ದು ಹೊತ್ತು ತಂದರು. ನಾಲ್ಕು ಕೋಲಿಗೆ ಕಟ್ಟಿದೆವು. ಒಳಗೆ ಹನಿ ನೀರು ಬೀಳಲಿಲ್ಲ. ಹೆಣ್ಣು ಮಗು ಹುಟ್ಟಿತು. ಮರುದಿನ ಇನ್ನೊಂದು ರೆಕ್ಕೆಯೂ ಮಂದಿಯ ನೆತ್ತಿಯ ಮೇಲೆ ಬಂತು.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂದು ಗದ್ದಲ ಅಡಗಿದ ಮೇಲೆ ಮನೆಗೆ ಬಂದೆವು. ಮಷೀನನ್ನು ಬಾವಿಯಿಂದ ಎತ್ತಿ ಇವರು ಸರಿ ಮಾಡಿದರು, ಶರಫುದ್ದೀನ ಭಾಯಿ ಮತ್ತೆ ಹೊಲಿಯುತ್ತಿದ್ದಾನೆ. ವಿಮಾನದ ಎಲುಬು ಆಚೆ ಹೊಲದಲ್ಲೇ ಇದೆ. ಇವರು ಅದರ ಮಾತು ತೆಗೆಯುವುದಿಲ್ಲ. ಸಂಜೆ ದಂಡೆಗೆ ಹೋಗಿ ಕೂರುತ್ತಾರೆ, ನಾನೂ ಜೊತೆಗೆ ಕೂರುತ್ತೇನೆ. ಈ ಸಲದ ದೀಪಾವಳಿಗೆ ನೀನು ಬಾ ಅವ್ವ. ಬಂದು ನಾಲ್ಕು ದಿನ ಇದ್ದು ಹೋಗು.

ನಿನ್ನ ದಾರಿ ನೋಡುವ ಮಗಳು,
ತುಳಜಾ

ತಾ.ಕ.: ಇಲ್ಲಿಗೆ ಬಂದಾಗ ಈಗ ಹೇಳುವುದನ್ನು ನಿನ್ನ ಅಳಿಯನ ಮುಂದೆ ಆಡಬೇಡ. ಅವತ್ತು ಗಾಳಿಯೇ ಇರಲಿಲ್ಲ. ಆಚೆ ದಂಡೆಯ ಹೊಲ ಕಾಲಡಿಗೆ ಬಂದದ್ದು ನೋಡಿದೆ, ಇಳಿಸಬೇಕೆಂದು ಗೊತ್ತಿತ್ತು. ಆದರೂ ಕೋಲನ್ನು ನನ್ನ ಕಡೆಗೆ ಎಳೆದುಕೊಂಡೆ, ಇನ್ನೂ ಮೇಲೆ ಹೋದೆ. ಪೆಟ್ರೋಲು ತೀರಿದ್ದಕ್ಕೆ ಇಳಿದೆ, ಇಲ್ಲದಿದ್ದರೆ ಇಳಿಯುತ್ತಿರಲಿಲ್ಲವೇನೋ. ಅಷ್ಟು ಹೊತ್ತು ನನಗೆ ಗಂಡನಾಗಲಿ, ಮನೆಯಾಗಲಿ, ನೀನಾಗಲಿ ನೆನಪಿಗೆ ಬರಲಿಲ್ಲ ಅವ್ವ.