ನಿಮಗೆ ಹೇಗೆ ಗೊತ್ತಿತ್ತು

ಗುರುವಾರ ಮಧ್ಯಾಹ್ನ
ಆಸ್ಪತ್ರೆ, ಕಿಟಕಿ ಪಕ್ಕದ ಹಾಸಿಗೆ

ಮಗಳ ಅಪ್ಪನಿಗೆ ನಮಸ್ಕಾರ.

ಎದ್ದು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಕೈಯ ತಪ್ಪು, ಬುದ್ಧಿ ನೆಟ್ಟಗೇ ಇದೆ. ಅದಕ್ಕೇ ಅನುಮಾನವೂ ವಾಪಸು ಬಂದಿದೆ.

ಅಂಗಡಿಯಲ್ಲಿ ಅಂಗಿಯ ಕಾಲರ್ ಕತ್ತರಿಸುತ್ತಿದ್ದೆ. ತಲೆಯ ಹಿಂಭಾಗಕ್ಕೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ದಿನವಿಡೀ ಬಗ್ಗಿ ಹೊಲಿದರೆ ಹೀಗೇ ಎಂದು ನಮ್ಮ ಬೀದಿಯ ಡಾಕ್ಟರು ಮಾತ್ರೆ ಕೊಟ್ಟರು. ನೋವು ಹೋಗಲಿಲ್ಲ. ಮುಂದಿನ ವಾರ ಕತ್ತು ಬಿಗಿದು ವಾಂತಿಯಾಗತೊಡಗಿದಾಗ ಮಗಳು ಇಲ್ಲಿಗೆ ಕರೆತಂದಳು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ, ಮನೆಗೆ ಹೋಗಿ ಅಂದರಂತೆ.

ಆಗ ಮಗಳ ಫೋನಿಗೆ ನೀವು ಬಂದಿರಿ. ವರ್ಷಗಟ್ಟಲೆ ಮುಖ ತೋರಿಸದವರು, ಬಸ್ಸು ಓಡಿಸುವ ಸಮವಸ್ತ್ರದಲ್ಲೇ. ಬಾಗಿಲಿಗೆ ಅಡ್ಡ ನಿಂತು, "ಬೆನ್ನಿಂದ ನೀರು ತೆಗೆದು ನೋಡ್ದೆ ಇವಳನ್ನ ಕಳಿಸೋ ಹಾಗಿಲ್ಲ" ಎಂದು ಹಟ ಹಿಡಿದಿರೆಂದು ಮಗಳು ಹೇಳಿದಳು. ಹಳೆಯ ರಕ್ತ ಬೆರೆತು ನೀರು ಹಳದಿಯಾಗಿ ಬಂತು. ಮಿದುಳಿನ ಸುತ್ತ ರಕ್ತ ಸೋರಿತ್ತು. ರಕ್ತನಾಳ ಒಂದು ಕಡೆ ಗುಳ್ಳೆಯಂತೆ ಉಬ್ಬಿ ಒಡೆದಿತ್ತು. ತೊಡೆಸಂದಿನಿಂದ ಸಣ್ಣ ಕೊಳವೆ ತೂರಿಸಿ ತಲೆಯವರೆಗೂ ಒಯ್ದು, ಕೂದಲೆಳೆಯಂಥ ತಂತಿಯ ಸುರುಳಿಗಳನ್ನು ಆ ಗುಳ್ಳೆಗೆ ತುಂಬಿ ಮುಚ್ಚಿದರು.

ಬದುಕಿದೆ. ಆದರೆ ಬೆನ್ನಿನ ನೀರಿನ ವಿಷಯ ಬಸ್ಸಿನ ಡ್ರೈವರಿಗೆ ಹೇಗೆ ಗೊತ್ತು? ನಿಮ್ಮ ಆ ಇನ್ನೊಬ್ಬಳು ನರ್ಸೇ ಇರಬೇಕು ಅಂದುಕೊಂಡೆ. ಆಗಾಗ ಹೇಳದೆ ಕೇಳದೆ ಮಾಯವಾಗುತ್ತಿದ್ದಿರಲ್ಲ, ಅವಳ ಹತ್ತಿರ ಹೋಗುತ್ತೀರೆಂದೇ ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದ್ದು. ನೀವೂ ಇಲ್ಲ ಅನ್ನಲಿಲ್ಲ. ಇಲ್ಲಿಯ ನರ್ಸುಗಳನ್ನೆಲ್ಲ ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದೆ, ಟೈಲರ್ ಕಣ್ಣಲ್ಲವೇ.

ಕೊನೆಗೆ ಹಿರಿಯ ನರ್ಸಮ್ಮನನ್ನೇ ಕೇಳಿದೆ, ನಮ್ಮ ಯಜಮಾನರಿಗೆ ಇಲ್ಲಿ ಯಾರ ಪರಿಚಯ ಎಂದು. ಆಕೆ ನಕ್ಕರು. "ನಮಗೆಲ್ಲ ಪರಿಚಯಾನೇ. ಅವರ ತಲೇಲೂ ಇಂಥದ್ದೇ ಸಣ್ಣ ಗುಳ್ಳೆ ಇದೆಯಲ್ಲ, ಒಡೆದಿಲ್ಲ ಅಷ್ಟೇ. ತೋರಿಸ್ಕೊಂಡು ಹೋಗೋಕೆ ಬರ್ತಾನೇ ಇರ್ತಾರೆ. ಒಮ್ಮೆ ತಲೆನೋವು ಜೋರಾದಾಗ ಅವರಿಗೂ ಬೆನ್ನಿಂದ ನೀರು ತೆಗೆದು ನೋಡಿದ್ವಿ. ನಿಮಗೆ ಗೊತ್ತಿಲ್ವಾ?"

ಗೊತ್ತು ಅಂದೆ. ಆಕೆ ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ.

ಸುದ್ದಿ ಹೊರಬಿದ್ದರೆ ಸ್ಟೀರಿಂಗ್ ಕೈತಪ್ಪುತ್ತದೆ ಎಂದಲ್ಲವೇ ಮುಚ್ಚಿಟ್ಟದ್ದು? ಹೆಂಡತಿ ಏನು ಬೇಕಾದರೂ ಅಂದುಕೊಳ್ಳಲಿ, ಕೆಲಸ ಉಳಿಯಲಿ ಎಂದು. ಇನ್ನೂ ಏನೇನು ಮುಚ್ಚಿಟ್ಟಿದ್ದೀರೋ, ನಿಮ್ಮನ್ನು ನಂಬುವುದಕ್ಕಂತೂ ನನಗೆ ಧೈರ್ಯವಿಲ್ಲ.

ಇಂತಿ,
ನಿಮ್ಮ ಮಗಳ ಅಮ್ಮ

ಮತ್ತೊಂದು ಮಾತು: ಬೆಳಿಗ್ಗೆ ಡಿಪೋದ ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಬಸ್ಸಿನ ತುಂಬ ಜನ ಕೂತಿರುತ್ತಾರೆ. ನೀವೂ ಇರುತ್ತೀರಿ. ಬೈಯುವುದಿದ್ದರೆ ಮನೆಗೇ ಬಂದು ಬೈಯಿರಿ.