ಅವತ್ತಿನ ಅಳತೆ

ಮಂಗಳವಾರ, ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ಗುಬ್ಬಚ್ಚಿ,

ಇವತ್ತು ನಿನಗೆ ಎದ್ದು ಕೂರುವಷ್ಟು ತ್ರಾಣ ಇದೆ ಎಂದುಕೊಂಡು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಮಡಚಿ ದಿಂಬಿನ ಕೆಳಗಿಡು, ಅವಸರವೇನಿಲ್ಲ. ತಡ ಮಾಡಿದ್ದಕ್ಕೆ ಬೈಯಬೇಡ. ಶಾಲೆ ಶುರುವಾಗುವ ಕಾಲ, ಮಕ್ಕಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೆ ಉದ್ದವಾಗಿಬಿಟ್ಟಿದ್ದಾರೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಫೋನಿನ ಪರದೆ ನೋಡಿದರೆ ತಲೆ ಸಿಡಿಯುತ್ತದೆ ಎಂದಿದ್ದೆಯಲ್ಲ, ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡ. ಬಟ್ಟೆಯ ಮೇಲೆ ಗೀಟು ಎಳೆದು ಅಭ್ಯಾಸವಾದ ಕೈ ಇದು.

ಆನ್‌ಲೈನ್ ಕಸೂತಿ ಗುಂಪಿನಲ್ಲಿ ನೀನು ನನಗೆ ಮೊದಲು ಬರೆದದ್ದು ನೆನಪಿದೆಯಾ? ನಾನು ಕಸೂತಿ ಹಾಕಿದ ಎಲೆಯಲ್ಲಿ ಹೊಲಿಗೆ ತಪ್ಪಿದೆ ಎಂದು ಎಲ್ಲರೆದುರೇ ಹೇಳಿದೆ. ನನಗೆ ಸಿಟ್ಟು ನೆತ್ತಿಗೇರಿತು. ಬಿಚ್ಚಿ ನೋಡಿದರೆ ನೀನು ಹೇಳಿದ್ದೇ ಸರಿ. ನಮ್ಮ ಜಗಳ ನೋಡಿ ಗುಂಪಿನವರು ನಿನ್ನನ್ನು ಗುಬ್ಬಚ್ಚಿ, ನನ್ನನ್ನು ಸೂಜಿ ಎಂದು ಕರೆದರು. ಒಬ್ಬರ ಮುಖ ಒಬ್ಬರು ನೋಡದೆಯೇ ಇಷ್ಟು ಹಚ್ಚಿಕೊಂಡೆವು.

ನಿನ್ನ ಕಾಯಿಲೆಗಳ ವಿಷಯ ಗೊತ್ತಾದಾಗ ಅದು ಕುಡಿ, ಇದು ಹಚ್ಚು ಎಂದು ನಾನು ನಿನ್ನ ತಲೆ ತಿಂದೆ. 'ಔಷಧಿ ಹೇಳೋರು ಬೇಕಾದಷ್ಟು ಜನ ಇದ್ದಾರೆ ಕಣೇ. ನೀನು ಸುಮ್ನೆ ಮಿಷನ್ ಓಡಿಸು, ನಾನು ಕೇಳ್ತಾ ಮಲಗ್ತೀನಿ' ಎಂದೆ ನೀನು. ಅವತ್ತಿನಿಂದ ಮಧ್ಯಾಹ್ನ ಮಿಷನ್ ಪಕ್ಕ ಫೋನ್ ಇಟ್ಟು, ಬಾಯಿ ಮುಚ್ಚಿಕೊಂಡು ಹೊಲಿದೆ. ಈಗ ಕೆಲವು ವಾರಗಳಿಂದ ಆ ಜಾಗದಲ್ಲಿ ಕತ್ತರಿ ಕೂತಿದೆ.

ನೀನು ಹೇಳಿದ ಅಳತೆಗೆ ನಾನು ಹೊಲಿದು ಕಳಿಸಿದ್ದ ಗೌನು ಸಡಿಲ ಎಂದು ನಿನ್ನ ಅತ್ತಿಗೆ ಫೋನ್ ಮಾಡಿದರು. ಅದೇ ಸಂಜೆ ನಿನ್ನ ಮೆಸೇಜ್: 'ಅದು ಚೆನ್ನಾಗಿದ್ದಾಗಿನ ಅಳತೆ. ಈಗಿನದ್ದು ಹೇಳೋಕೆ ಮನಸ್ಸು ಬರ್ಲಿಲ್ಲ. ಇನ್ಮೇಲೆ ನನಗೋಸ್ಕರ ಕಷ್ಟಪಡಬೇಡ, ನನ್ನನ್ನ ಬಿಟ್ಟುಬಿಡು.' ಆಮೇಲೆ ನಿನ್ನ ಸುದ್ದಿಯೇ ಇಲ್ಲ.

ಬಿಡುವುದಿಲ್ಲ. ಅದನ್ನು ಹೇಳಲೆಂದೇ ಕಾಗದ ಹಿಡಿದದ್ದು.

'ಮುಖ ನೋಡದೋರಿಗೆ ಬಟ್ಟೆ ಹೊಲಿದ್ರೆ ಇನ್ನೇನಾಗುತ್ತೆ?' ಎಂದರು ನಮ್ಮ ಯಜಮಾನರು. ನಾನು ಗುರಾಯಿಸಿದೆ, ತೆಪ್ಪಗೆ ಟೀ ಮಾಡಲು ಹೋದರು. ಲೋಟ ತಂದಿಟ್ಟು, 'ಅಲ್ವೇ, ಅಷ್ಟು ಜನ ಡಾಕ್ಟರು ಏನ್ ಹೇಳ್ತಾರಂತೆ?' ಎಂದು ಮೆಲ್ಲಗೆ ಕೇಳಿದರು. ಏನು ಹೇಳಲಿ? ಕೀಲಿನವರು ಹೊಟ್ಟೆಯವರ ಕಡೆ ಕೈ ತೋರಿಸುತ್ತಾರೆ, ಹೊಟ್ಟೆಯವರು ತಲೆಯವರ ಕಡೆ. ಒಬ್ಬರು ತೋಳು, ಒಬ್ಬರು ಕಾಲರ್ ಹೊಲಿದು, ಜೋಡಿಸುವವರೇ ಇಲ್ಲದ ಅಂಗಿಯ ಹಾಗಾಗಿದೆ ನಿನ್ನ ಪಾಡು.

ಒಂದು ಮಾತು ಹೇಳುತ್ತೇನೆ ಕೇಳು. ಟೇಪು ಸೊಂಟಕ್ಕೆ ಬಂದ ಕೂಡಲೇ ಗಿರಾಕಿಗಳು ಉಸಿರು ಒಳಗೆಳೆದುಕೊಳ್ಳುತ್ತಾರೆ. ನಾನು ಏನೂ ಅನ್ನದೆ ಒಂದು ಬೆರಳು ಸೇರಿಸಿ ಬರೆದುಕೊಳ್ಳುತ್ತೇನೆ. ನೀನೂ ಅವರ ಹಾಗೇ ನಿಜವಾದ ಅಳತೆ ಮುಚ್ಚಿಟ್ಟೆ. ಆದರೆ ದೂರದಿಂದ ನಿನ್ನ ಉಸಿರು ನನಗೆ ಕಾಣಲಿಲ್ಲ.

ವಾಪಸ್ ಬಂದ ಗೌನನ್ನು ಪೂರ್ತಿ ಬಿಚ್ಚಿ ಬೇರೆ ಥರ ಹೊಲಿದು, ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಮುಂದುಗಡೆ ಎರಡು ಅಂಚೂ ಒಂದರ ಮೇಲೊಂದು ಅಗಲವಾಗಿ ಬರುತ್ತವೆ, ಉದ್ದಕ್ಕೂ ವೆಲ್ಕ್ರೋ ಅಂಟುಪಟ್ಟಿ. ಗುಂಡಿ ಇಲ್ಲ, ಲಾಡಿ ಇಲ್ಲ, ಬೆರಳಿಗೆ ಕೆಲಸವಿಲ್ಲ. ಮೈ ಊದಿದ ದಿನ ಸಡಿಲ ಬಿಟ್ಟು ಒತ್ತು, ಸೊರಗಿದ ದಿನ ಎಳೆದು ಒತ್ತು. ಎಲ್ಲಿ ಒತ್ತುತ್ತೀಯೋ ಅದೇ ಅವತ್ತಿನ ಅಳತೆ. ನನಗೆ ಹೇಳಬೇಕಾಗಿಯೂ ಇಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ.

ಉಂಡದ್ದು ದಕ್ಕಲಿ, ಕಣ್ತುಂಬ ನಿದ್ದೆ ಹತ್ತಲಿ, ಎದ್ದು ನಿಂತಾಗ ನೆಲ ತಿರುಗದಿರಲಿ. ಸದ್ಯಕ್ಕೆ ಇದಕ್ಕಿಂತ ದೊಡ್ಡದೇನನ್ನೂ ನಿನಗಾಗಿ ಕೇಳಿಕೊಳ್ಳುವುದಿಲ್ಲ.

ನಿನ್ನ
ಸೂಜಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಅವತ್ತು ನಿನ್ನ ಅತ್ತಿಗೆ, 'ಟೈಲರ್ ಅಂಗಡೀನಾ? ನಮ್ಮ ನಾದಿನಿಗೆ ನೀವು ಕಳಿಸಿದ ಗೌನು ತುಂಬಾ ಸಡಿಲ. ಆಸ್ಪತ್ರೆಗೆ ಸೇರಿಸೋವಾಗ ಹಾಕಿದ್ವಿ, ಭುಜದಿಂದ ಜಾರುತ್ತೆ. ವಾಪಸ್ ತಗೋತೀರಾ?' ಎಂದರು. ನೀನು ಆಸ್ಪತ್ರೆ ಸೇರಿದ್ದು ನನಗೆ ಗೊತ್ತಾದದ್ದು ಹಾಗೆ. ಏನಾಗಿದೆ, ಹೇಗಿದ್ದಾಳೆ ಎಂದು ಕೇಳಲು ಬಾಯಿ ತೆರೆದೆ. ಅವರ ಪಾಲಿಗೆ ನಾನು ಯಾರು? 'ಹೌದಮ್ಮ, ಟೈಲರ್. ಕಳಿಸಿಕೊಡಿ' ಎಂದೆ. ನಿನಗೇನಾದರೂ ಆದರೆ ನನಗೆ ತಿಳಿಸುವವರು ಒಬ್ಬರೂ ಇಲ್ಲ ಕಣೇ. ಆ ಕಡೆಯಿಂದ ಸದ್ದಿಲ್ಲದಿದ್ದರೂ, ನೀನು ಕೇಳುತ್ತಿದ್ದೀಯೆಂದುಕೊಂಡು ನಾನು ಮಿಷನ್ ಓಡಿಸುತ್ತಲೇ ಇರುತ್ತೇನೆ. ಅತ್ತಿಗೆಯನ್ನು ಹತ್ತಿರ ಕೂರಿಸಿಕೊಂಡು, ನಾನು ನಿನಗೆ ಯಾರು ಅಂತ ಹೇಳು.